ಕೇಳಸ್ತದ, ತಿಳೀವಲ್ದು

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದಾಗ ಓದಿಗೋ ನೌಕರಿಗೋ ಹೈದರಾಬಾದಿಗೆ ಬಂದ ಕನ್ನಡಿಗರು ಬಹಳ. 1956ರ ನವೆಂಬರ್ 1ಕ್ಕೆ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಎಷ್ಟೋ ಮನೆಗಳು ಇಲ್ಲೇ ಉಳಿದವು. ಆಗ ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಈಗ ಎಂಬತ್ತರ ಆಚೀಚೆ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿ 38 ಲಕ್ಷ ಇದ್ದರು.

ಮುಪ್ಪು ಅಂದರೆ ಕಣ್ಣು, ಮೊಣಕಾಲು, ಸಕ್ಕರೆ ಕಾಯಿಲೆ. ಕಿವಿಯ ಮಾತು ಎತ್ತುವವರಿಲ್ಲ, ಅದಕ್ಕೇ ಇವತ್ತು ಅದನ್ನೇ ಹಿಡಿದಿದ್ದೇನೆ. ಒಳಗಿವಿಯ ಸುರುಳಿಯಲ್ಲಿ ಹುಟ್ಟುವಾಗ ಸುಮಾರು 15,000 ಕೂದಲುಕೋಶಗಳಿರುತ್ತವೆ. ಸತ್ತದ್ದು ಮರಳಿ ಹುಟ್ಟುವುದಿಲ್ಲ. ಏರುಶ್ರುತಿಯ ದನಿ ಹಿಡಿಯುವ ಕೋಶಗಳು ಸುರುಳಿಯ ಬುಡದಲ್ಲಿವೆ, ವಯಸ್ಸಾದಂತೆ ಮೊದಲು ಸವೆಯುವವು ಅವೇ. ಆಗ ಆ, ಓ ಚೆನ್ನಾಗಿ ಕೇಳುತ್ತವೆ. ಸ, ತ, ಪ ಜಾರುತ್ತವೆ. ಸಾಲು, ಹಾಲು, ಪಾಲು ಎಲ್ಲ ಒಂದೇ ಆಗುತ್ತವೆ. ನಮ್ಮ ಅಜ್ಜಂದಿರು "ಕೇಳಸ್ತದ, ತಿಳೀವಲ್ದು" ಅನ್ನುವುದು ನೆಪವಲ್ಲ, ಅವರ ಕಿವಿಯ ಸರಿಯಾದ ವರದಿ.

ಇನ್ನು ಹೈದರಾಬಾದಿನ ಈ ಸುಲ್ತಾನ್ ಬಜಾರಿಗೆ ಬನ್ನಿ. ಆಟೋ ಹಾರ್ನು, ಸೀರೆಯಂಗಡಿಯ ಚೌಕಾಸಿ, ಒಂದು ಕಡೆ ತೆಲುಗು, ಇನ್ನೊಂದು ಕಡೆ ದಖನಿ. ತಾಯ್ನುಡಿಯಾದರೆ ಗದ್ದಲದಲ್ಲಿ ಬಿಟ್ಟುಹೋದ ಅಕ್ಷರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ಅಷ್ಟು ಸಲೀಸಾಗಿ ತುಂಬಿಕೊಳ್ಳದು. ಜೀವಮಾನವೆಲ್ಲ ತೆಲುಗಿನಲ್ಲೇ ವ್ಯವಹಾರ ಮಾಡಿದವರು ಬೆಲೆ ಕೇಳುವುದನ್ನು ಬಿಟ್ಟು ಸುಮ್ಮನೆ ನೋಟು ಚಾಚುತ್ತಾರೆ. ಮನೆಯಲ್ಲಿ ಮೊಮ್ಮಕ್ಕಳ ಮಾತೂ ತೆಲುಗು, ಇಂಗ್ಲಿಷು. ಅಜ್ಜ ಮೌನವಾಗುತ್ತಾರೆ, ಮನೆಯವರು "ಮರೆವು ಶುರುವಾಯಿತು" ಎಂದು ತೀರ್ಮಾನಿಸುತ್ತಾರೆ. ಬುದ್ಧಿ ನೆಟ್ಟಗಿರುವ ಮನುಷ್ಯನನ್ನು ಹೀಗೆ ಮೂಲೆಗೆ ಕೂರಿಸುವುದು ನನ್ನ ಕಣ್ಣಿಗೆ ದೊಡ್ಡ ಅನ್ಯಾಯ.

ಕಿವುಡನ್ನು ಕಡೆಗಣಿಸಿದರೆ ಮರೆವಿನ ಅಪಾಯವೂ ಹೆಚ್ಚುತ್ತದೆ. ಮರೆಗುಳಿ ರೋಗಕ್ಕೆ ದಾರಿಯಾಗುವ, ಆದರೆ ನಾವು ತಡೆಯಬಹುದಾದ ಕಾರಣಗಳನ್ನು 2020ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿಮಾಡಿತು. ಅದರಲ್ಲಿ ಅತಿ ದೊಡ್ಡ ಪಾಲು ಕಿವುಡಿನದೇ.

ಕಿವಿ ಮಂದವಾದವರೊಡನೆ ಮಾತಾಡುವಾಗ ಕೂಗಬೇಡಿ. ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ತಿಳಿಯಾಗದು. ಎದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಮಾತಾಡಿ. ಶ್ರವಣಯಂತ್ರ ಹಾಕಿಕೊಂಡ ಮೊದಲ ವಾರಗಳಲ್ಲಿ ತಟ್ಟೆ ಲೋಟದ ಸದ್ದೂ ಕರ್ಕಶ ಎನಿಸುತ್ತದೆ. ಅಷ್ಟಕ್ಕೇ ಪೆಟ್ಟಿಗೆಗೆ ಹಾಕಿಬಿಡಬೇಡಿ, ಮಿದುಳಿಗೆ ರೂಢಿಯಾಗಲು ಸಮಯ ಬೇಕು. ಕಿವಿ ತೋರಿಸಿಕೊಳ್ಳಲು ಕೋಠಿಯ ಸರ್ಕಾರಿ ಕಿವಿ ಮೂಗು ಗಂಟಲು ಆಸ್ಪತ್ರೆ ಇಲ್ಲೇ ಹತ್ತಿರದಲ್ಲಿದೆ. ಹೋಗುವಾಗ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ, ವೈದ್ಯರು ಹೇಳಿದ್ದನ್ನು ಅವರೂ ಕೇಳಲಿ.