ಕೇಳದೇ ಬಂದ ಬಟ್ಟಲು: ಇಜಕಾಯದ ಬಿಲ್ ಓದೋದು ಹೇಗೆ?

ಇವತ್ತಿನ ಎಪಿಸೋಡ್ ಜಪಾನಿನ ಇಜಕಾಯ ಬಗ್ಗೆ. ಅಂದ್ರೆ ಸಂಜೆ ಹೊತ್ತು ಹೋಗಿ, ಒಂದೆರಡು ಗ್ಲಾಸ್ ಕುಡಿದು, ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಏನಾದ್ರೂ ತಿಂದು ಬರೋ ಜಾಗ.

ಜಪಾನ್‌ಗೆ ಹೋಗಿ ಬಂದವರ ರೀಲ್ಸ್‌ನಲ್ಲಿ ಒಂದು ದೂರು ಇದ್ದೇ ಇರುತ್ತೆ. "ನಾವು ಕೇಳಲೇ ಇಲ್ಲ, ಒಂದು ಬಟ್ಟಲು ತಂದಿಟ್ರು, ಬಿಲ್‌ಗೂ ಸೇರಿಸಿದ್ರು!" ಆ ಬಟ್ಟಲಿನ ಹೆಸರು ಒತೋಶಿ. ಒಸಾಕಾ ಕಡೆ ತ್ಸುಕಿದಾಶಿ ಅಂತಾರೆ. ತಲೆಗೆ ಸಾಮಾನ್ಯವಾಗಿ 300ರಿಂದ 500 ಯೆನ್. ಇದು ಮೋಸಾನಾ? ಬಿಕಾಂ ಓದಿದವನು ನಾನು, ಲೆಕ್ಕ ಹಾಕಿಯೇ ಹೇಳ್ತೀನಿ.

ಮೊದಲು ಆ ಪದ ನೋಡಿ. "ಸಕಾಯ" ಅಂದ್ರೆ ಮದ್ಯದ ಅಂಗಡಿ, "ಇ" ಅಂದ್ರೆ ಇರೋದು. ಎದೋ ಕಾಲದಲ್ಲಿ, ಅಂದ್ರೆ 1603ರಿಂದ 1868ರ ನಡುವೆ, ಜನ ಅಂಗಡಿಯಿಂದ ಸಾಕೆ ಅಳೆಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಕೆಲವು ಅಂಗಡಿಗಳು "ಇಲ್ಲೇ ಕೂತು ಕುಡೀರಿ" ಅಂದವು. ಆಮೇಲೆ ನೆಂಚಿಕೊಳ್ಳೋಕೂ ಏನಾದ್ರೂ ಕೊಡೋಕೆ ಶುರು ಮಾಡಿದವು. ಕೂರೋಕೆ ಜಾಗ ಕೊಡೋದು ಆ ಹೆಸರಲ್ಲೇ ಇದೆ.

ನಾನು ಹೋಗಿದ್ದು ಟೋಕಿಯೋದ ಕೋಎಂಜಿಯಲ್ಲಿರೋ ಒಂದು ಗಲ್ಲಿ ಅಂಗಡಿಗೆ. ಅಲ್ಲೇ ಕೆಲಸದಲ್ಲಿರೋ ಗೆಳೆಯ ಕರ್ಕೊಂಡು ಹೋದ. ಹೊರಗೆ ಕೆಂಪು ಲಾಟೀನು, ಬಾಗಿಲಿಗೆ ಅರ್ಧ ಇಳಿಬಿಟ್ಟ ಬಟ್ಟೆ, ಒಳಗೆ ಎಂಟೇ ಸ್ಟೂಲು. ಬಡಿಸೋದು, ಬೇಯಿಸೋದು, ಬಿಲ್ ಬರೆಯೋದು ಎಲ್ಲ ಒಬ್ಬರೇ ಅಜ್ಜ. ಗಿರಾಕಿಗಳು ಅವರನ್ನ "ತೈಶೋ" ಅಂತ ಕರೀತಾರೆ, ಅಂದ್ರೆ ದಂಡನಾಯಕ! ಬಿಸಿ ಒದ್ದೆ ಟವೆಲ್ ಬಂತು, ಜೊತೆಗೆ ಬೇಯಿಸಿದ ಮೂಲಂಗಿಯ ಒತೋಶಿ. ಆಮೇಲೆ ಬಿಯರ್, ಎದಮಾಮೆ, ಕೆಂಡದ ಮೇಲೆ ಸುಟ್ಟ ಯಾಕಿತೋರಿ.

ವೆಜ್ ಗೆಳೆಯರೇ, ಇಲ್ಲಿ ಸ್ವಲ್ಪ ಹುಷಾರು. ಮೂಲಂಗಿ ಬೆಂದಿರೋ ನೀರಲ್ಲೂ ಸಾಮಾನ್ಯವಾಗಿ ಒಣಮೀನಿನ ಸಾರ ಇರುತ್ತೆ. ತಣ್ಣನೆ ತೋಫು ಮೇಲೂ ಮೀನಿನ ಚೂರು ಉದುರಿಸಿರ್ತಾರೆ. ಉಪ್ಪು ಹಾಕಿ ಬೇಯಿಸಿದ ಎದಮಾಮೆ ನಂಬಬಹುದು.

ಈಗ ಲೆಕ್ಕ. ಎಂಟು ಸ್ಟೂಲು, ರಾತ್ರಿಗೆ ಎರಡು ಸುತ್ತು, 16 ಜನ ಅಂತ ಇಟ್ಕೊಳ್ಳಿ. ಒಬ್ಬ ಗಿರಾಕಿ 600 ಯೆನ್ನಿನ ಒಂದೇ ಬಿಯರ್ ಹಿಡ್ಕೊಂಡು ಮೂರು ಗಂಟೆ ಕೂತ್ರೆ, ಆ ಸ್ಟೂಲಿನ ರಾತ್ರಿ ಅಲ್ಲಿಗೆ ಮುಗೀತು. ಆದರೂ ತೈಶೋ ಅವನನ್ನ ಎಬ್ಬಿಸೋ ಹಾಗಿಲ್ಲ. ತಲೆಗೆ 400ರಂತೆ ಒತೋಶಿಯಿಂದಲೇ 6,400 ಯೆನ್ ಬಂದ್ರೆ, ಬಾಡಿಗೆಗೆ ಒಂದು ಆಧಾರ. ಟಿಪ್ಸ್ ಅಂತೂ ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಒತೋಶಿ ಅಂದ್ರೆ ಸ್ಟೂಲಿನ ಬಾಡಿಗೆ, ಅಷ್ಟೇ.

ಆ ಸ್ಟೂಲು ಯಾಕೆ ಮುಖ್ಯ ಗೊತ್ತಾ? 2020ರ ಜನಗಣತಿ ಪ್ರಕಾರ ಜಪಾನ್‌ನ 100 ಮನೆಗಳಲ್ಲಿ ಸುಮಾರು 38 ಮನೆಯಲ್ಲಿ ಇರೋದು ಒಬ್ಬರೇ. ನನ್ನ ಪಕ್ಕ ಕೂತಿದ್ದ ಹಿರಿಯರನ್ನ ನೋಡಿ ತೈಶೋ ಕೇಳಿದ್ದು, "ಇವತ್ತು ಯಾಕೆ ತಡ?" ಆ ದಿನ ಅವರನ್ನ ಆ ಮಾತು ಕೇಳಿದವರು ಬೇರೆ ಯಾರೂ ಇರಲಿಕ್ಕಿಲ್ಲ.

2021ರ ಏಪ್ರಿಲ್‌ನಲ್ಲಿ ಕೋವಿಡ್ ತುರ್ತುಸ್ಥಿತಿ ಬಂದಾಗ, ಟೋಕಿಯೋದಲ್ಲಿ ಮದ್ಯ ಕೊಡೋ ಅಂಗಡಿಗಳಿಗೆ ಬಾಗಿಲು ಹಾಕಿ ಅಂತ ಸರ್ಕಾರ ಕೇಳಿಕೊಂಡಿತ್ತು. ಈ ಅಂಗಡಿ ಅದನ್ನ ದಾಟಿ ಬಂದಿದೆ. ವಯಸ್ಸನ್ನ ದಾಟೋದು ಕಷ್ಟ. "ನಿಮ್ಮ ನಂತರ ಯಾರು ನೋಡ್ಕೋತಾರೆ?" ಅಂತ ಗೆಳೆಯನ ಮೂಲಕ ಕೇಳಿಸಿದೆ. ಮಗ ಆಫೀಸ್ ಕೆಲಸದಲ್ಲಿದ್ದಾನಂತೆ. "ನನ್ನ ಮೊಣಕಾಲು ಇರೋವರೆಗೆ ಅಂಗಡಿ" ಅಂದ್ರು, ನಗ್ತಾನೇ.

ನೀವು ಹೋದ್ರೆ ಆರು ಜನ ಒಟ್ಟಿಗೆ ನುಗ್ಗಬೇಡಿ, ಇಬ್ಬರು ಸಾಕು. ಹೊಸ್ತಿಲಲ್ಲೇ ಬೆರಳು ತೋರಿಸಿ ಜಾಗ ಇದೆಯಾ ಕೇಳಿ. ಎರಡು ಮೂರು ತಟ್ಟೆ ತರಿಸಿಕೊಳ್ಳಿ, ಹೊರಗೆ ಜನ ಕಾಯ್ತಿದ್ರೆ ಏಳಿ. ಆ ಬಟ್ಟಲಿನ ದುಡ್ಡು ಖುಷಿಯಿಂದ ಕೊಡಿ. ಮತ್ತೆ ಮುಂದಿನ ವಾರ ಸಿಗೋಣ.