ವೆಬ್‌ಸೈಟು ಮಾಡುವ ಮೊದಲು
(ನೈರೋಬಿಯ ಲಂಗಾಟಾದಲ್ಲಿ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)

ಈಗೀಗ ನಮ್ಮವರು ಸೇರಿದಲ್ಲೆಲ್ಲ ಒಂದೇ ಪ್ರಶ್ನೆ: ಸ್ವಂತ ವೆಬ್‌ಸೈಟು ಮಾಡಿದರೆ ದುಡ್ಡು ಬರುತ್ತದಾ? ಬರುತ್ತದೆ, ನಿಧಾನವಾಗಿ. ಅದನ್ನು ನಂಬಿ ಯಾರೂ ಸಂಬಳ ಬಿಡಬೇಡಿ.

ಗೂಗಲ್ ಆಡ್‌ಸೆನ್ಸ್ ಜಾಹೀರಾತಿನ ಲೆಕ್ಕ ಕೇಳಿ. ಡಾಲರ್ ಖಾತೆಯಲ್ಲಿ 10 ಡಾಲರ್ ಆದಾಗ ನೀವು ಕೊಟ್ಟ ವಿಳಾಸಕ್ಕೆ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ನಾಲ್ಕು ತಿಂಗಳೊಳಗೆ ಅದನ್ನು ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. 100 ಡಾಲರ್ ತುಂಬುವವರೆಗೆ ಕೈಗೆ ಬಿಡಿಗಾಸೂ ಇಲ್ಲ. ಊರಲ್ಲಾದರೆ ಪೋಸ್ಟ್‌ಮ್ಯಾನ್ ಮನೆಗೇ ಬರ್ತಾನೆ. ಕೆನ್ಯಾದಲ್ಲಿ ಕಾಗದ ಬರುವುದು ಪೋಸ್ಟ್ ಬಾಕ್ಸಿಗೆ. ಕಂಪನಿಯ ಬಾಕ್ಸ್ ಕೊಟ್ಟವರು ಕೆಲಸ ಬಿಟ್ಟರೆ ಪಿನ್ನೂ ಹೋಯಿತು.

ಅದಕ್ಕಿಂತ ದೊಡ್ಡ ಮಾತು ಪರ್ಮಿಟ್ಟಿನದು. ನಮ್ಮಲ್ಲಿ ಹೆಚ್ಚಿನವರದು ಕ್ಲಾಸ್ ಡಿ, ಅಂದರೆ ಗೊತ್ತಾದ ನೌಕರಿಗೆ ಕೊಟ್ಟದ್ದು. ಬೇರೆ ಗಳಿಕೆಗೆ ಕೈ ಹಾಕುವ ಮೊದಲು ತಿಳಿದವರನ್ನು ಕೇಳಿ. ಎರಡು ಕಾಸಿಗಾಗಿ ಅನ್ನದ ದಾರಿ ಕಳೆದುಕೊಳ್ಳುವುದು ಯಾಕೆ?

ಊರಲ್ಲಿ ಓದಿ ಕೂತಿರುವ ತಂಗಿ, ಮಗಳು ಇದ್ದಾರಲ್ಲ? 18 ತುಂಬಿದ್ದರೆ ಖಾತೆ ಅವರ ಹೆಸರಲ್ಲೇ ಆಗಲಿ, ನಡೆಸುವವರೂ ಅವರೇ ಆಗಲಿ. ಬೇರೆಯವರ ಸುದ್ದಿ ಕದ್ದು ತುಂಬಿಸಿದರೆ ಗೂಗಲ್ ಒಪ್ಪುವುದಿಲ್ಲ. ಪುಂಡಿ ಮಾಡುವ ಬಗೆ, ಬ್ಯಾರಿ ಭಾಷೆಯ ಗಾದೆ, ಇವೆಲ್ಲ ಉಮ್ಮನ ಹತ್ತಿರ ಬೇಕಾದಷ್ಟಿವೆ. ಓದುಗರು ಸ್ವಲ್ಪ ಕೂಡಿದ ಮೇಲೆ ಹತ್ತಿರದ ಅಂಗಡಿಯವರನ್ನೇ ಜಾಹೀರಾತು ಕೇಳಲಿ. ಕನ್ನಡದ ಪುಟ್ಟ ಸೈಟಿಗೆ ಗೂಗಲ್‌ಗಿಂತ ಅದೇ ಬೇಗ ಕೈಗೆ ಹತ್ತುತ್ತದೆ. ನಾವು ಇಲ್ಲಿಂದ ಡೊಮೈನಿನ ದುಡ್ಡು ಕಳಿಸಿದರಾಯಿತು. ಪ್ರತಿ ವರ್ಷ ಕಟ್ಟಬೇಕು, ಮರೆತರೆ ಆ ಹೆಸರು ಬೇರೆಯವರ ಪಾಲು.