ಹೊಸ ಕಾರ್ಡೋ, ಹಳೆಯ ಕಾರ್ಡೋ?



ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವ ಲೆಕ್ಕಾಚಾರವನ್ನು ವೇಗವಾಗಿ ಮಾಡಿಕೊಡುವ ಬಿಡಿಭಾಗವೇ ಗ್ರಾಫಿಕ್ಸ್ ಕಾರ್ಡ್. ಪತ್ರ ಬರೆಯಲು, ಪಾಠದ ವೀಡಿಯೊ ನೋಡಲು ಪ್ರತ್ಯೇಕ ಕಾರ್ಡು ಬೇಕಿಲ್ಲ. ಬಹುತೇಕ ಕಂಪ್ಯೂಟರುಗಳ ಪ್ರೊಸೆಸರಿನೊಳಗೇ ಆ ಸಾಮರ್ಥ್ಯವಿದೆ. ವೀಡಿಯೊ ಸಂಕಲನ, ತ್ರಿವಿಮ ವಿನ್ಯಾಸಗಳಂಥ ವಿದ್ಯೆ ಕಲಿಯುವವರಿಗೆ ಅದು ಅಗತ್ಯವಾಗುತ್ತದೆ. ಆದ್ದರಿಂದ ಹೊಸದೋ ಹಳೆಯದೋ ಎನ್ನುವುದಕ್ಕೂ ಮೊದಲು, ಬೇಕೋ ಬೇಡವೋ ಎಂದು ಕೇಳಿಕೊಳ್ಳುವುದು ವಿವೇಕ.

ಪ್ರತಿ ಹೊಸ ಕಾರ್ಡಿನ ಹಿಂದೆ ತಾಮ್ರ, ತವರ, ಚಿನ್ನದ ಗಣಿಗಳಿವೆ. ಚಿಪ್ ಕಾರ್ಖಾನೆಗಳು ಕುಡಿಯುವ ಅಪಾರ ನೀರಿದೆ. ವಿಶ್ವಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಗೊಂಡು ಸಂಸ್ಕರಣೆಗೆ ಸಂದದ್ದು ಶೇ. 22.3 ಮಾತ್ರ. ದುಡಿಯಬಲ್ಲ ಹಳೆಯ ಕಾರ್ಡೊಂದು ಇನ್ನೂ ಕೆಲವು ವರ್ಷ ದುಡಿದರೆ ನೆಲದ ಹೊರೆ ಅಷ್ಟು ಇಳಿಯುತ್ತದೆ.

ಆದರೆ ಹಳೆಯದೆಲ್ಲವೂ ಒಂದೇ ಅಲ್ಲ. ಇದ್ದಂತೆಯೇ ಕೈ ಬದಲಾಯಿಸುವುದು ಸೆಕೆಂಡ್ ಹ್ಯಾಂಡ್; ಶುಚಿಗೊಳಿಸಿ, ದುರಸ್ತಿ ಮಾಡಿ, ಪರೀಕ್ಷಿಸಿ ಮಾರಬೇಕಾದದ್ದು ರಿಫರ್ಬಿಶ್ಡ್. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗಾಗಿ ಅಸಂಖ್ಯ ಕಾರ್ಡುಗಳು ಹಗಲಿರುಳು ಓಡುತ್ತಿದ್ದವು. 2022ರ ಸೆಪ್ಟೆಂಬರ್ 15ರಂದು ಆ ವಿಧಾನವೇ ಕೊನೆಗೊಂಡಾಗ ಅವುಗಳಲ್ಲಿ ಅನೇಕವು ಮಾರುಕಟ್ಟೆಗೆ ಬಂದವು. ಹಾಗೆ ದುಡಿದ ಕಾರ್ಡಿನಲ್ಲಿ ಫ್ಯಾನು ಸವೆದಿರಬಹುದು, ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಕೊಳ್ಳುವವರು ಅಂಗಡಿಯಲ್ಲಿಯೇ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಓಡಿಸಿ ನೋಡಬೇಕು. ಪರದೆಯಲ್ಲಿ ಗೆರೆಗಳು ಮೂಡುತ್ತವೆಯೇ, ಉಷ್ಣತೆ ಮಿತಿಮೀರುತ್ತದೆಯೇ ಎಂದು ಗಮನಿಸಬೇಕು. ವಾರಂಟಿಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ವಿದ್ಯುತ್ತಿನ ಲೆಕ್ಕವೂ ಇದೆ. 2017ರ ಆರ್‌ಎಕ್ಸ್ 580 ಕಾರ್ಡಿನ ನಿಗದಿತ ಬಳಕೆ 185 ವ್ಯಾಟ್. 2019ರ ಜಿಟಿಎಕ್ಸ್ 1650ಕ್ಕೆ 75 ವ್ಯಾಟ್. ವೇಗದಲ್ಲಿ ಮೊದಲನೆಯದು ತುಸು ಮುಂದು. ಆದರೆ ದಿನಕ್ಕೆ ಐದು ಗಂಟೆ ಪೂರ್ಣ ಭಾರದಲ್ಲಿ ದುಡಿಸಿದರೆ ವರ್ಷಕ್ಕೆ ಸುಮಾರು 200 ಯುನಿಟ್ ಹೆಚ್ಚು ಖರ್ಚು. ಲಿಂಗನಮಕ್ಕಿಯ ನೀರಿನಡಿ ಊರುಗಳನ್ನು ಕಳೆದುಕೊಂಡ ಮಲೆನಾಡಿಗೆ ಯುನಿಟ್ಟಿನ ನಿಜವಾದ ಬೆಲೆಯನ್ನು ಹೇಳಿಕೊಡಬೇಕಿಲ್ಲ. ಹಳೆಯದರಲ್ಲಿಯೂ ಕಡಿಮೆ ವ್ಯಾಟಿನದನ್ನೇ ಆರಿಸುವುದು ಲೇಸು.

ಹೊಸದನ್ನು ಕೊಳ್ಳುವುದು ಅಪರಾಧವಲ್ಲ. ನಂಬಿಕಸ್ಥ ಮಾರಾಟಗಾರರಿಲ್ಲದ ಕಡೆ, ಕೆಟ್ಟ ಕಾರ್ಡು ಹಿಡಿದು ಮತ್ತೆ ಮತ್ತೆ ಘಟ್ಟವಿಳಿದು ಪೇಟೆಗೆ ಅಲೆಯುವ ಖರ್ಚಿನಲ್ಲಿ ಉಳಿತಾಯವೇ ಕರಗೀತು. ಅಂಥಲ್ಲಿ ಮೂರು ವರ್ಷ ವಾರಂಟಿಯ ಹೊಸ ಕಾರ್ಡೇ ಮೇಲು. ಕೊಂಡದ್ದನ್ನು ದೀರ್ಘಕಾಲ ಬಳಸಿದರಾಯಿತು. ಕಡೆಗೆ ಅದು ಕೆಟ್ಟಾಗ ಅಧಿಕೃತ ಸಂಗ್ರಹಕಾರರಿಗೆ ತಲುಪಿಸಬೇಕೇ ಹೊರತು ಹಿತ್ತಲಲ್ಲಿ ಸುಡಬಾರದು. ಮೇಲಿನ ಮನೆಯವರು ಹಳ್ಳಕ್ಕೆ ಬಿಟ್ಟ ವಿಷ ಕೆಳಗಿನ ಮನೆಯ ಬಾವಿಯನ್ನು ಬಿಟ್ಟೀತೇ?